ಹುಲ್ಲುಗಾವಲಿಗೆ ಸಾರಜನಕ ಹೆಚ್ಚಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಲ್ಲುಗಾವಲಿನ ಮಾತು ಬಂದಾಗಲೆಲ್ಲ ಸಂಭಾಷಣೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮರಳಿ ಮರಳಿ ಎದುರಾಗುವ ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲಿಯೇ ಇಲ್ಲಿ ಜೋಡಿಸಿದೆ. ಮೊದಲ ಭಾಗವು ವಿಷಯಕ್ಕೆ ಹೊಸಬರಾದವರಿಗೆ. ಮುಂದೆ ಹೋದಂತೆ ಪ್ರಶ್ನೆಗಳು ಆಳವಾಗುತ್ತವೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. 

## ಮೊದಲ ಪ್ರಶ್ನೆಗಳು

ಗೊಬ್ಬರ ಹಾಕಿದರೆ ಗಿಡ ಚೆನ್ನಾಗಿ ಬರುತ್ತದೆ ಎಂದೇ ನಾವು ಕಲಿತದ್ದು. ಅದೇ ಗೊಬ್ಬರ ಹುಲ್ಲುಗಾವಲನ್ನು ಕೆಡಿಸುತ್ತದೆ ಎಂದರೆ ನಂಬುವುದು ಹೇಗೆ?

ಗದ್ದೆಯ ಲೆಕ್ಕವೇ ಬೇರೆ, ಹುಲ್ಲುಗಾವಲಿನ ಲೆಕ್ಕವೇ ಬೇರೆ. ಗದ್ದೆಯಲ್ಲಿ ನಮಗೆ ಬೇಕಾದದ್ದು ಒಂದೇ ಜಾತಿ. ಉಳಿದದ್ದನ್ನು ಕಳೆಯೆಂದು ಕಿತ್ತು ಬಿಸಾಡುತ್ತೇವೆ. ಹಳೆಯ ಹುಲ್ಲುಗಾವಲಿನಲ್ಲಿಯಾದರೋ ನಾಲ್ಕು ಹೆಜ್ಜೆಯ ಅಗಲದಲ್ಲಿಯೇ ಹತ್ತಿಪ್ಪತ್ತು ಜಾತಿಗಳು ಒಟ್ಟಿಗೆ ಬಾಳುತ್ತಿರುತ್ತವೆ. ಅವು ಹಾಗೆ ಬಾಳುವುದಕ್ಕೆ ಇರುವ ಕಾರಣಗಳಲ್ಲಿ ಮುಖ್ಯವಾದದ್ದು ಮಣ್ಣಿನ ಬಡತನ. ಸಾರಜನಕದ ಕೊರತೆಯಿರುವ ನೆಲದಲ್ಲಿ ಯಾವ ಹುಲ್ಲೂ ಉಳಿದವನ್ನು ಮೀರಿ ಎತ್ತರಕ್ಕೆ ಏರಲಾರದು. ಆದ್ದರಿಂದ ಕುಳ್ಳಗಿನ, ನಿಧಾನವಾಗಿ ಬೆಳೆಯುವ, ಬೇರಿನಲ್ಲಿಯೇ ಬಂಡವಾಳ ಹೂಡುವ ಗಿಡಗಳಿಗೂ ಬಿಸಿಲು ದಕ್ಕುತ್ತದೆ. ಸಾರಜನಕ ಸೇರಿದಾಗ ಆ ಕೊರತೆ ನೀಗುತ್ತದೆ, ಮತ್ತು ಅದನ್ನು ಬೇಗ ಹೀರಿ ಬೇಗ ಎತ್ತರವಾಗಬಲ್ಲ ನಾಲ್ಕಾರು ಜಾತಿಗಳು ಇಡೀ ಜಾಗವನ್ನು ತಮ್ಮದಾಗಿಸಿಕೊಳ್ಳುತ್ತವೆ. ಒಟ್ಟು ಹಸಿರು ಹೆಚ್ಚುತ್ತದೆ. ಜಾತಿಗಳ ಪಟ್ಟಿ ಕಿರಿದಾಗುತ್ತದೆ. ಊರಿನ ತಿಪ್ಪೆಯ ಅಂಚಿನಲ್ಲಿ ಮುಳ್ಳುದಂಟು, ಉಮ್ಮತ್ತಿಯಂಥ ಕೆಲವೇ ಗಿಡಗಳು ಸೊಕ್ಕಿ ಬೆಳೆದಿರುವುದನ್ನೂ, ಹತ್ತು ಮಾರು ಆಚೆಯ ಬಡ ನೆಲದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬಗೆಯ ಸಣ್ಣ ಗಿಡಗಳಿರುವುದನ್ನೂ ನೋಡಿದವರಿಗೆ ಇದು ಹೊಸ ಸಂಗತಿಯಲ್ಲ.

ಹುಲ್ಲುಗಾವಲಿಗೆ ಯಾರೂ ಯೂರಿಯಾ ಚೆಲ್ಲುವುದಿಲ್ಲವಲ್ಲ, ಸಾರಜನಕ ಎಲ್ಲಿಂದ ಬರುತ್ತದೆ?

ಗಾಳಿಯಿಂದ ಬರುತ್ತದೆ. ಗಾಳಿಯ ಶೇಕಡಾ 78 ಭಾಗ ಸಾರಜನಕವೇ ಆದರೂ ಗಿಡಗಳಿಗೆ ಅದು ದಕ್ಕುವುದಿಲ್ಲ; ಬೇರುಗಂಟಿನ ಬ್ಯಾಕ್ಟೀರಿಯಾ ಅಥವಾ ಸಿಡಿಲು ಅದನ್ನು ಒಡೆದು ಬೇರೆ ರೂಪಕ್ಕೆ ತಂದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ಬಗೆಯನ್ನು ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು, 1913ರಲ್ಲಿ ಓಪೌ ಎಂಬಲ್ಲಿ ಉತ್ಪಾದನೆ ಶುರುವಾಯಿತು. ಆಗ ಆರಂಭವಾದ ಗೊಬ್ಬರದ ಹೊಳೆ ಹೊಲದಲ್ಲಿಯೇ ನಿಲ್ಲುವುದಿಲ್ಲ. ಯೂರಿಯಾ ಹಾಕಿದ ನೆಲದಿಂದ, ಕೊಟ್ಟಿಗೆಯಿಂದ, ಗಂಜಲ ಮತ್ತು ಸಗಣಿಯಿಂದ ಅಮೋನಿಯಾ ಆವಿಯಾಗಿ ಏಳುತ್ತದೆ. ವಾಹನಗಳ ಹೊಗೆ ಮತ್ತು ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಂದ ಸಾರಜನಕದ ಆಕ್ಸೈಡುಗಳು ಸೇರಿಕೊಳ್ಳುತ್ತವೆ. ಇವೆಲ್ಲ ಮಳೆಯೊಡನೆ ಕರಗಿ ಇಳಿಯುತ್ತವೆ, ಇಲ್ಲವೇ ಒಣ ದೂಳಾಗಿ, ಅನಿಲವಾಗಿ ಎಲೆಗೂ ಮಣ್ಣಿಗೂ ಅಂಟಿಕೊಳ್ಳುತ್ತವೆ. ಅಮೋನಿಯಾದ ಒಂದು ದೊಡ್ಡ ಪಾಲು ಹುಟ್ಟಿದ ಜಾಗದ ಆಸುಪಾಸಿನಲ್ಲಿಯೇ ಬೀಳುತ್ತದೆ. ಆಕ್ಸೈಡುಗಳು ನೂರಾರು ಕಿಲೋಮೀಟರ್ ಸಾಗಬಲ್ಲವು.

"ಹೆಕ್ಟೇರಿಗೆ 10 ಕಿಲೋ" ಎಂದು ಓದುತ್ತೇವೆ. ಅದು ಎಷ್ಟು? ಅಷ್ಟು ಸಣ್ಣ ಪ್ರಮಾಣದಿಂದ ಏನಾದೀತು?

ಹೆಕ್ಟೇರಿಗೆ 10 ಕಿಲೋ ಸಾರಜನಕವೆಂದರೆ ಒಂದು ಚದರ ಮೀಟರಿಗೆ 1 ಗ್ರಾಂ. ಯೂರಿಯಾದಲ್ಲಿ ಶೇಕಡಾ 46 ಸಾರಜನಕವಿರುವುದರಿಂದ ಅದು ಚದರ ಮೀಟರಿಗೆ ಸುಮಾರು ಎರಡು ಗ್ರಾಂ ಯೂರಿಯಾ. ಎಕರೆಯ ಲೆಕ್ಕದಲ್ಲಿ ಹೇಳಿದರೆ 45 ಕಿಲೋ ಚೀಲದ ಐದನೇ ಒಂದು ಭಾಗ, ಅದೂ ಇಡೀ ವರ್ಷಕ್ಕೆ. ಯಾವ ರೈತನೂ ಇದನ್ನು ಗೊಬ್ಬರ ಹಾಕಿದ ಲೆಕ್ಕಕ್ಕೇ ಹಿಡಿಯಲಾರ.

ಆದರೆ ಇದು ಪ್ರತಿ ವರ್ಷ ಬೀಳುತ್ತದೆ, ಬಿದ್ದದ್ದರಲ್ಲಿ ಒಂದಷ್ಟು ಮಣ್ಣಿನಲ್ಲಿಯೂ ಬೇರುಗಳಲ್ಲಿಯೂ ಉಳಿದು ಮುಂದಿನ ವರ್ಷ ಮತ್ತೆ ಬಳಕೆಗೆ ಬರುತ್ತದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಸೀಡರ್ ಕ್ರೀಕ್‌ನಲ್ಲಿ 1982ರಲ್ಲಿ ಡೇವಿಡ್ ಟಿಲ್ಮನ್ ಆರಂಭಿಸಿದ ಪ್ರಯೋಗದಲ್ಲಿ ಹುಲ್ಲುಗಾವಲಿನ ತಾಕುಗಳಿಗೆ ಹೆಕ್ಟೇರಿಗೆ 10 ಕಿಲೋದಿಂದ 270 ಕಿಲೋ ಆಸುಪಾಸಿನವರೆಗೆ ಬೇರೆ ಬೇರೆ ಪ್ರಮಾಣದಲ್ಲಿ ಸಾರಜನಕ ಕೊಡಲಾಯಿತು. ಕ್ರಿಸ್ಟೊಫರ್ ಕ್ಲಾರ್ಕ್ ಮತ್ತು ಟಿಲ್ಮನ್ 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಕೇವಲ 10 ಕಿಲೋ ಬಿದ್ದ ತಾಕುಗಳಲ್ಲಿಯೂ ಜಾತಿಗಳ ಸಂಖ್ಯೆ ಗೊಬ್ಬರವಿಲ್ಲದ ತಾಕುಗಳಿಗಿಂತ ಶೇಕಡಾ 17ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ: ಒಂದೊಂದು ಕಿಲೋ ಸಾರಜನಕಕ್ಕೆ ಎಷ್ಟು ಜಾತಿ ಹೋಯಿತು ಎಂದು ನೋಡಿದರೆ, ಸಣ್ಣ ಪ್ರಮಾಣಗಳಲ್ಲಿಯೇ ಆ ನಷ್ಟ ಹೆಚ್ಚು. ಮೊದಲ ಕಿಲೋಗಳೇ ಹೆಚ್ಚು ಜಾತಿಗಳನ್ನು ಹೊರಗಟ್ಟುತ್ತವೆ. ಆಮೇಲೆ ಸುರಿದದ್ದಕ್ಕೆ ಹೊರಗಟ್ಟಲು ಉಳಿದಿರುವುದೇ ಕಡಿಮೆ.

ಇದನ್ನು ಮೊದಲು ಕಂಡುಹಿಡಿದವರು ಯಾರು?

ಹುಡುಕಲು ಹೊರಟವರು ಬೇರೇನನ್ನೋ ಹುಡುಕುತ್ತಿದ್ದರು. ಇಂಗ್ಲೆಂಡಿನ ಹಾರ್ಪೆಂಡನ್ ಬಳಿಯ ರಾಥಮ್‌ಸ್ಟೆಡ್‌ನಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ 1856ರಲ್ಲಿ 'ಪಾರ್ಕ್ ಗ್ರಾಸ್' ಎಂಬ ಪ್ರಯೋಗವನ್ನು ಆರಂಭಿಸಿದರು. ಲಾಸ್ ಸ್ವತಃ ಗೊಬ್ಬರ ತಯಾರಕರು. ಯಾವ ಗೊಬ್ಬರದಿಂದ ಒಣಹುಲ್ಲಿನ ಇಳುವರಿ ಹೆಚ್ಚುತ್ತದೆ ಎಂಬುದಷ್ಟೇ ಪ್ರಶ್ನೆಯಾಗಿತ್ತು. ನೂರು ವರ್ಷವಾದರೂ ಉಳುಮೆ ಕಾಣದಿದ್ದ ಒಂದು ಹುಲ್ಲುಗಾವಲನ್ನು ತಾಕುಗಳಾಗಿ ಹಂಚಿ, ಒಂದಕ್ಕೆ ಅಮೋನಿಯಂ ಸಲ್ಫೇಟ್, ಇನ್ನೊಂದಕ್ಕೆ ಸೋಡಿಯಂ ನೈಟ್ರೇಟ್, ಮತ್ತೊಂದಕ್ಕೆ ರಂಜಕ ಮತ್ತು ಪೊಟ್ಯಾಷ್ ಮಾತ್ರ, ಹೀಗೆ ಕೊಟ್ಟು, ಕೆಲವನ್ನು ಏನೂ ಹಾಕದೆ ಬಿಟ್ಟರು. ಎರಡು ಮೂರು ವರ್ಷಗಳಲ್ಲಿಯೇ ತಾಕುಗಳು ಬೇರೆ ಬೇರೆ ಬೀಜ ಬಿತ್ತಿದ ಹೊಲಗಳಂತೆ ಕಾಣತೊಡಗಿದವು.

ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಪ್ರತಿ ಜೂನಿನಲ್ಲಿ ಹುಲ್ಲು ಕೊಯ್ಯುತ್ತಾರೆ. ಏನೂ ಹಾಕದ ತಾಕುಗಳಲ್ಲಿ ಸುಮಾರು ನಲವತ್ತು ಜಾತಿಗಳು ಸಿಗುತ್ತವೆ. ಅಮೋನಿಯಂ ಸಲ್ಫೇಟನ್ನು ಹೆಚ್ಚಾಗಿ ಹಾಕಿ, ಸುಣ್ಣ ಕೊಡದೆ ಬಿಟ್ಟ ತಾಕುಗಳಲ್ಲಿ ಎರಡೋ ಮೂರೋ. ಅಲ್ಲಿ ಯಾರ್ಕ್‌ಷೈರ್ ಫಾಗ್ ಎಂಬ ಮೆತ್ತನೆಯ ರೋಮದ ಹುಲ್ಲು, ಕೆಲವೆಡೆ ಸ್ವೀಟ್ ವರ್ನಲ್ ಎಂಬ ಹುಲ್ಲು, ಹಾಸಿದ ಜಮಖಾನೆಯಂತೆ ಆವರಿಸಿದೆ. ಮಣ್ಣು ಎಷ್ಟು ಹುಳಿಯಾಗಿದೆಯೆಂದರೆ ಎರೆಹುಳುಗಳು ನಿಲ್ಲುವುದಿಲ್ಲ. ಸತ್ತ ಹುಲ್ಲು ಕೊಳೆಯದೆ ಮೇಲೆ ಮಂದವಾದ ಚಾಪೆಯಾಗಿ ಕೂತಿದೆ. ಒಂದೇ ಮೈದಾನ, ಒಂದೇ ಮಳೆ, ನಡುವೆ ಬೇಲಿಯೂ ಇಲ್ಲ. ಹೂವಿನ ತಾಕು ಮತ್ತು ಬರಿ ಹುಲ್ಲಿನ ತಾಕುಗಳ ನಡುವಿನ ಗಡಿ ಹಗ್ಗ ಹಿಡಿದು ಎಳೆದ ಗೆರೆಯಂತಿದೆ. ಈ ವಿಷಯದಲ್ಲಿ ನೂರು ಲೇಖನ ಓದುವುದಕ್ಕಿಂತ ಆ ಗಡಿಯ ಒಂದು ಛಾಯಾಚಿತ್ರ ನೋಡುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಜಾತಿ ಕಡಿಮೆಯಾದರೆ ಆಗಲಿ, ಹುಲ್ಲು ಹೆಚ್ಚು ಸಿಗುತ್ತದಲ್ಲ? ದನಕ್ಕೆ ಬೇಕಾದದ್ದು ಮೇವು ತಾನೇ?

ಮೇವಿಗೆಂದೇ ಇಟ್ಟುಕೊಂಡ ಜಮೀನಿನಲ್ಲಿ ಈ ವಾದವನ್ನು ತಳ್ಳಿಹಾಕಲಾಗದು, ಅಲ್ಲಿ ಗೊಬ್ಬರ ಹಾಕುವುದು ತಪ್ಪೂ ಅಲ್ಲ. ಆದರೆ ಆ ಹೆಚ್ಚಳವನ್ನು ಶಾಶ್ವತವೆಂದು ಎಣಿಸಬಾರದು. ಸೀಡರ್ ಕ್ರೀಕ್‌ನಲ್ಲಿ ಸಾರಜನಕದಿಂದ ಮೊದಲ ವರ್ಷಗಳಲ್ಲಿ ಸಿಕ್ಕ ಹೆಚ್ಚುವರಿ ಬೆಳವಣಿಗೆಯು, ಜಾತಿಗಳು ಕಳೆದುಹೋದಂತೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂತು. ಅಲ್ಲಿಯೇ 1987 ಮತ್ತು 1988ರಲ್ಲಿ ತೀವ್ರ ಬರ ಬಿದ್ದಾಗ, ಹೆಚ್ಚು ಜಾತಿಗಳಿದ್ದ ತಾಕುಗಳು ತಮ್ಮ ಇಳುವರಿಯ ಸುಮಾರು ಅರ್ಧದಷ್ಟನ್ನು ಕಳೆದುಕೊಂಡವು. ಕೆಲವೇ ಜಾತಿಗಳಿದ್ದ ತಾಕುಗಳು ಅದಕ್ಕಿಂತ ಬಹಳ ಹೆಚ್ಚು ನೆಲ ಕಚ್ಚಿದವು, ಚೇತರಿಸಿಕೊಳ್ಳಲೂ ಹೆಚ್ಚು ಕಾಲ ತೆಗೆದುಕೊಂಡವು. ಅಕ್ಕಡಿ ಸಾಲು ಹಾಕುವ ರೈತನಿಗೆ ಇದರ ತರ್ಕವನ್ನು ವಿವರಿಸಬೇಕಾಗಿಲ್ಲ: ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ.

## ಕಾರಣಗಳನ್ನು ಕೇಳುವವರಿಗೆ

ಸಣ್ಣ ಗಿಡಗಳು ಸಾಯುವುದು ಸಾರಜನಕದ ವಿಷದಿಂದಲೋ, ನೆರಳಿನಿಂದಲೋ?

ಹೆಚ್ಚಿನ ಕಡೆ ನೆರಳಿನಿಂದ. ಇದನ್ನು ಸಾಬೀತು ಮಾಡಿದ ರೀತಿ ಸೊಗಸಾಗಿದೆ. ಗೊಬ್ಬರ ಹಾಕಿದಾಗ ಮಣ್ಣು, ಬೇರು, ನೆರಳು ಎಲ್ಲವೂ ಒಟ್ಟಿಗೆ ಬದಲಾಗುವುದರಿಂದ ಯಾವುದು ಕಾರಣವೆಂದು ಬಿಡಿಸಿ ಹೇಳುವುದು ಬಹಳ ಕಾಲ ಸಾಧ್ಯವಾಗಿರಲಿಲ್ಲ. ಯಾನ್ ಓಟಿಯೇ, ಪಾಸ್ಕಲ್ ನಿಕ್ಲಾಸ್ ಮತ್ತು ಆಂಡಿ ಹೆಕ್ಟರ್ ಗಾಜಿನ ಮನೆಯಲ್ಲಿ ಹುಲ್ಲುಗಾವಲಿನ ತುಣುಕುಗಳನ್ನು ಬೆಳೆಸಿ, ಗೊಬ್ಬರ ಹಾಕಿ, ಹುಲ್ಲಿನ ನಡುವೆ ಕೆಳಮಟ್ಟದಲ್ಲಿ ಟ್ಯೂಬ್‌ಲೈಟುಗಳನ್ನು ಇಳಿಬಿಟ್ಟರು. ಎತ್ತರದ ಹುಲ್ಲು ಎತ್ತರವಾಗಿಯೇ ಇತ್ತು, ಮಣ್ಣಿಗೆ ಗೊಬ್ಬರ ಬಿದ್ದೇ ಇತ್ತು. ಕೆಳಗಿನ ಗಿಡಗಳಿಗೆ ಬೆಳಕು ಸಿಕ್ಕಿತು, ಅಷ್ಟೇ. ಜಾತಿಗಳು ಉಳಿದುಕೊಂಡವು. ಇದು 2009ರಲ್ಲಿ ಪ್ರಕಟವಾಯಿತು. ಮುಂದೆ ಜರ್ಮನಿಯ ಬಾಡ್ ಲಾಉಖ್‌ಸ್ಟೆಟ್‌ನ ಬಯಲಿನಲ್ಲಿಯೇ ಎಲ್‌ಇಡಿ ದೀಪಗಳನ್ನಿಟ್ಟು ಮಾಡಿದ, 2022ರಲ್ಲಿ ಪ್ರಕಟವಾದ ಪ್ರಯೋಗವೂ ಅದೇ ದಿಕ್ಕನ್ನು ತೋರಿಸಿತು.

ಬೆಳಕಿನ ಪೈಪೋಟಿಗೆ ಒಂದು ವಿಶೇಷ ಗುಣವಿದೆ. ಬೇರುಗಳ ಪೈಪೋಟಿಯಲ್ಲಿ ದೊಡ್ಡ ಗಿಡಕ್ಕೆ ದೊಡ್ಡ ಪಾಲು, ಸಣ್ಣದಕ್ಕೆ ಸಣ್ಣ ಪಾಲು ಸಿಗುತ್ತದೆ. ಬೆಳಕು ಮೇಲಿನಿಂದ ಬರುವುದರಿಂದ ನೆರೆಯದಕ್ಕಿಂತ ಎರಡು ಅಂಗುಲ ಹೆಚ್ಚು ಎತ್ತರವಿರುವ ಗಿಡವು ತನ್ನ ಪಾಲಿಗಿಂತ ಎಷ್ಟೋ ಹೆಚ್ಚನ್ನು ಕಸಿದುಕೊಳ್ಳುತ್ತದೆ. ಅದರಿಂದ ಇನ್ನಷ್ಟು ಎತ್ತರವಾಗುತ್ತದೆ. ಇದರ ಮೇಲೆ ಒಣಗಿ ಬಿದ್ದ ಹುಲ್ಲಿನ ರಾಶಿ ಸೇರಿದರೆ, ಮೊಳಕೆಗೆ ನೆಲವೇ ಕಾಣುವುದಿಲ್ಲ. ಹುಲ್ಲುಗಾವಲಿನ ಅನೇಕ ಜಾತಿಗಳು ಅಳಿಯುವುದು ಬೆಳೆದ ಗಿಡ ಸತ್ತು ಅಲ್ಲ. ಸತ್ತದ್ದರ ಜಾಗಕ್ಕೆ ಹೊಸ ಸಸಿ ಬಾರದೆ.

ನೇರ ವಿಷವೂ ಇಲ್ಲವೆಂದಲ್ಲ. ಅಮೋನಿಯಂ ರೂಪದ ಸಾರಜನಕ ಹೆಚ್ಚಾದಾಗ, ನೈಟ್ರೇಟ್‌ಗೆ ಒಗ್ಗಿಕೊಂಡ ಕೆಲವು ಜಾತಿಗಳ ಬೇರುಗಳು ಸೊರಗುತ್ತವೆ. ಕೋಳಿ ಅಥವಾ ಹಂದಿ ಸಾಕಣೆಯ ದೊಡ್ಡ ಶೆಡ್ಡುಗಳ ಹತ್ತಿರ ಅಮೋನಿಯಾ ಅನಿಲವೇ ಹಾವಸೆ ಮತ್ತು ಕಲ್ಲುಹೂವುಗಳನ್ನು ಸುಡುವುದುಂಟು.

ಮಣ್ಣು ಹುಳಿಯಾಗುವುದು ಹೇಗೆ? ಸುಣ್ಣ ಹಾಕಿದರೆ ಸರಿಹೋಗುವುದಿಲ್ಲವೇ?

ಅಮೋನಿಯಂ ಮಣ್ಣಿಗೆ ಬಿದ್ದಾಗ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ, ಆ ಕ್ರಿಯೆಯಲ್ಲಿ ಹೈಡ್ರೋಜನ್ ಅಯಾನುಗಳು ಬಿಡುಗಡೆಯಾಗುತ್ತವೆ. ನೈಟ್ರೇಟನ್ನು ಗಿಡ ಹೀರದಿದ್ದರೆ ಅದು ನೀರಿನೊಡನೆ ಕೆಳಗೆ ಬಸಿದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಜೊತೆಗೆ ಎಳೆದೊಯ್ಯುತ್ತದೆ. ಹೀಗೆ ಸುಣ್ಣದ ಅಂಶ ಬರಿದಾದ ಮೇಲೆ, ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 4.5ಕ್ಕಿಂತ ಕೆಳಗಿಳಿದಾಗ, ಅದುವರೆಗೆ ಕಲ್ಲಿನಂತೆ ಸುಮ್ಮನಿದ್ದ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗಳನ್ನು ಕೊಲ್ಲತೊಡಗುತ್ತದೆ.

ಸುಣ್ಣ ಉಪಯೋಗಕ್ಕೆ ಬರುತ್ತದೆ, ಆದರೆ ಅರ್ಧದಷ್ಟೇ. ಪಾರ್ಕ್ ಗ್ರಾಸ್‌ನಲ್ಲಿ 1903ರಿಂದ ತಾಕುಗಳ ಒಂದು ಭಾಗಕ್ಕೆ ಸುಣ್ಣ ಹಾಕಲಾಯಿತು. 1965ರಿಂದ ಪ್ರತಿ ತಾಕನ್ನೂ ನಾಲ್ಕಾಗಿ ವಿಂಗಡಿಸಿ ಮೂರರ ಪಿಎಚ್ ಅನ್ನು 7, 6, 5ರ ಕಡೆಗೆ ತಂದು, ನಾಲ್ಕನೆಯದನ್ನು ಸುಣ್ಣವಿಲ್ಲದೆ ಬಿಟ್ಟಿದ್ದಾರೆ. ಸುಣ್ಣ ಕಂಡ ಭಾಗಗಳಲ್ಲಿ ಜಾತಿಗಳು ಗಣನೀಯವಾಗಿ ಹೆಚ್ಚಿವೆ, ಆದರೆ ಗೊಬ್ಬರವಿಲ್ಲದ ತಾಕುಗಳ ಮಟ್ಟ ಮುಟ್ಟಿಲ್ಲ. ಮಣ್ಣನ್ನು ಹುಳಿಯಾಗಿಸದ ಸೋಡಿಯಂ ನೈಟ್ರೇಟ್ ಹಾಕಿದ ತಾಕುಗಳಲ್ಲಿಯೂ ಜಾತಿಗಳು ಕಡಿಮೆಯೇ. ಹುಳಿಯದು ಒಂದು ಪೆಟ್ಟು, ನೆರಳಿನದು ಇನ್ನೊಂದು. ಸುಣ್ಣ ತಪ್ಪಿಸುವುದು ಮೊದಲನೆಯದನ್ನು ಮಾತ್ರ.

ಮೊದಲು ಕಾಣೆಯಾಗುವ ಗಿಡಗಳು ಯಾವುವು?

ಮೊದಲ ಸಾಲಿನಲ್ಲಿ ದ್ವಿದಳ ಜಾತಿಗಳು. ಬೇರುಗಂಟಿನ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಕೊಟ್ಟು ಸಾರಜನಕ ಪಡೆಯುವುದು ಖರ್ಚಿನ ವ್ಯವಹಾರ. ಬಡ ಮಣ್ಣಿನಲ್ಲಿ ಮಾತ್ರ ಅದು ಗಿಟ್ಟುತ್ತದೆ. ನೆರೆಯ ಹುಲ್ಲಿಗೆ ಸಾರಜನಕ ಪುಕ್ಕಟೆ ಸಿಕ್ಕರೆ ದ್ವಿದಳಗಳಿಗೆ ಇದ್ದ ಒಂದೇ ಅನುಕೂಲ ಹೋಯಿತು. ಪಾರ್ಕ್ ಗ್ರಾಸ್‌ನಲ್ಲಿ ಸಾರಜನಕವಿಲ್ಲದೆ ರಂಜಕ, ಪೊಟ್ಯಾಷ್ ಮಾತ್ರ ಸಿಕ್ಕ ತಾಕು ಕೆಂಪು ಕ್ಲೋವರ್ ಮತ್ತು ಕಾಡುಬಟಾಣಿಯ ಬಂಧುಗಳಿಂದ ತುಂಬಿದೆ. ಸಾರಜನಕ ಹೆಚ್ಚಾಗಿ ಬಿದ್ದ ತಾಕುಗಳಲ್ಲಿ ಅವು ಇಲ್ಲವೆನ್ನುವಷ್ಟು ವಿರಳ.

ಆಮೇಲೆ ಕುಳ್ಳಗಿನ, ನೆಲಕ್ಕೆ ಎಲೆ ಹಾಸುವ ಹೂಗಿಡಗಳು, ಮತ್ತು ಮೊದಲಿಗೇ ವಿರಳವಾಗಿದ್ದ ಜಾತಿಗಳು. ಬೇರಿನ ಶಿಲೀಂಧ್ರಗಳನ್ನು ನೆಚ್ಚಿಕೊಂಡ ಗಿಡಗಳಿಗೂ ಕಷ್ಟಕಾಲ. ಗೆಲ್ಲುವವು ಸಾಮಾನ್ಯವಾಗಿ ಎತ್ತರದ, ಬಹುವಾರ್ಷಿಕ, ನೆಲದಡಿಯ ಕಾಂಡದಿಂದ ಹಬ್ಬುವ ಹುಲ್ಲುಗಳು. ಸೀಡರ್ ಕ್ರೀಕ್‌ನಲ್ಲಿ ಸ್ಥಳೀಯ ಲಿಟಲ್ ಬ್ಲೂಸ್ಟೆಮ್ ಹುಲ್ಲಿನ ಜಾಗವನ್ನು ಯುರೋಪಿನಿಂದ ಬಂದ ಕ್ವ್ಯಾಕ್‌ಗ್ರಾಸ್ ಹಿಡಿಯಿತು. ಹೆಸರಿನಲ್ಲಿ ಎರಡೂ ಹುಲ್ಲೇ ಆದ್ದರಿಂದ, ದೂರದಿಂದ ನೋಡುವವನಿಗೆ ಏನೂ ಬದಲಾಗಿಲ್ಲವೆಂದೇ ತೋರೀತು.

ದನ ಮೇಯಿಸಿದರೆ ಹುಲ್ಲುಗಾವಲು ಹಾಳಾಗುತ್ತದೆ ಎನ್ನುತ್ತಾರೆ. ನೀವು ಮೇಯಿಸಬೇಕು ಎನ್ನುತ್ತೀರಾ?

ಸಾರಜನಕ ಹೆಚ್ಚಿರುವ ಕಡೆ, ಮಿತಿಯಲ್ಲಿ, ಹೌದು. ಇದಕ್ಕೆ ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆ ನಗರದ ದಕ್ಷಿಣದ ಗುಡ್ಡಗಳ ಕಥೆ ಉದಾಹರಣೆ. ಅಲ್ಲಿಯ ಸರ್ಪೆಂಟೈನ್ ಕಲ್ಲಿನ ಮಣ್ಣು ಎಷ್ಟು ಬಡವೆಂದರೆ ಬೇರೆಡೆ ಎಲ್ಲವನ್ನೂ ನುಂಗಿದ ಯುರೋಪಿನ ಹುಲ್ಲುಗಳು ಅಲ್ಲಿ ಕಾಲೂರಲಾಗಿರಲಿಲ್ಲ. ಸ್ಥಳೀಯ ಸಣ್ಣ ಹೂಗಿಡಗಳು, ಅವುಗಳ ನಡುವೆ ಕುಳ್ಳಗಿನ ಪ್ಲಾಂಟಾಗೊ, ಅದನ್ನು ತಿಂದು ಬೆಳೆಯುವ ಬೇ ಚೆಕರ್‌ಸ್ಪಾಟ್ ಎಂಬ ಚಿಟ್ಟೆ ಉಳಿದಿದ್ದವು. ನಗರದ ವಾಹನಗಳ ಹೊಗೆಯಿಂದ ವರ್ಷಕ್ಕೆ ಹೆಕ್ಟೇರಿಗೆ 10ರಿಂದ 15 ಕಿಲೋ ಸಾರಜನಕ ಬೀಳತೊಡಗಿದ ಮೇಲೆ ಇಟಾಲಿಯನ್ ರೈಗ್ರಾಸ್ ಒಳಗೆ ನುಗ್ಗಿತು. ಸಂರಕ್ಷಣೆಯ ಸದುದ್ದೇಶದಿಂದಲೇ ದನಗಳನ್ನು ಹೊರಗಿಟ್ಟ ಜಾಗಗಳಲ್ಲಿ ಹುಲ್ಲು ಹೂಗಿಡಗಳನ್ನು ಮುಚ್ಚಿತು, ಚಿಟ್ಟೆಗಳ ಸಂಖ್ಯೆ ಕುಸಿಯಿತು; ದನ ಮೇಯುತ್ತಲೇ ಇದ್ದ ಪಕ್ಕದ ಗುಡ್ಡಗಳಲ್ಲಿ ಎರಡೂ ಉಳಿದವು. ದನಗಳು ಹುಲ್ಲನ್ನೇ ಆರಿಸಿ ತಿನ್ನುತ್ತಿದ್ದವು. ಜೀವವಿಜ್ಞಾನಿ ಸ್ಟುವರ್ಟ್ ವೈಸ್ ಇದನ್ನು 1999ರಲ್ಲಿ ಬರೆದರು.

ಆರು ಖಂಡಗಳ 40 ಹುಲ್ಲುಗಾವಲುಗಳಲ್ಲಿ ಒಂದೇ ಕ್ರಮದಲ್ಲಿ ಗೊಬ್ಬರ ಹಾಕಿ, ಬೇಲಿ ಕಟ್ಟಿ ನೋಡಿದ ನ್ಯೂಟ್ರಿಯೆಂಟ್ ನೆಟ್‌ವರ್ಕ್ ಎಂಬ ಸಹಯೋಗದ 2014ರ ಫಲಿತಾಂಶವೂ ಇದಕ್ಕೆ ಹೊಂದುತ್ತದೆ: ಮೇಯುವ ಪ್ರಾಣಿಗಳಿಂದ ನೆಲಮಟ್ಟದ ಬೆಳಕು ಹೆಚ್ಚಿದ ಕಡೆಗಳಲ್ಲಿ ಜಾತಿಗಳು ಹೆಚ್ಚಿದವು, ಬೆಳಕು ಹೆಚ್ಚದ ಕಡೆ ಹೆಚ್ಚಲಿಲ್ಲ. ಅತಿಯಾಗಿ ಮೇಯಿಸಿ ಬೋಳಾದ ಗೋಮಾಳಕ್ಕೆ ಈ ಮಾತು ಅನ್ವಯಿಸುವುದಿಲ್ಲ; ಅಲ್ಲಿಯ ರೋಗವೇ ಬೇರೆ.

## ಆಳಕ್ಕೆ ಹೋಗುವವರಿಗೆ

ಪ್ರಯೋಗದಲ್ಲಿ ಗೊಬ್ಬರ ಸುರಿಯುತ್ತಾರೆ. ಗಾಳಿಯಿಂದ ಬೀಳುವ ಸಾರಜನಕವೇ ಹಾಗೆ ಮಾಡಿದೆ ಎನ್ನಲು ಪುರಾವೆ ಏನು?

ಈ ಆಕ್ಷೇಪ ನ್ಯಾಯವಾದದ್ದು. ಒಂದೆರಡು ಬಾರಿ ಹರಳಾಗಿ ಎರಚುವ ಗೊಬ್ಬರವೂ ವರ್ಷವಿಡೀ ಹನಿಹನಿಯಾಗಿ ಇಳಿಯುವ ಸಾರಜನಕವೂ ಒಂದೇ ಅಲ್ಲ. ಅದಕ್ಕಾಗಿ ಕಾರ್ಲಿ ಸ್ಟೀವನ್ಸ್ ಮತ್ತು ಸಂಗಡಿಗರು ಗೊಬ್ಬರ ಹಾಕದೆಯೇ, ಬ್ರಿಟನ್ನಿನ ಉದ್ದಗಲದಲ್ಲಿ 68 ಹುಳಿ ಮಣ್ಣಿನ ಹುಲ್ಲುಗಾವಲುಗಳನ್ನು ಆರಿಸಿ ಜಾತಿಗಳನ್ನು ಎಣಿಸಿದರು. ಕಡಿಮೆ ಸಾರಜನಕ ಬೀಳುವ ಜಾಗದಲ್ಲಿ ಅದು ವರ್ಷಕ್ಕೆ ಹೆಕ್ಟೇರಿಗೆ 5 ಕಿಲೋ, ಹೆಚ್ಚು ಬೀಳುವಲ್ಲಿ 35 ಕಿಲೋ. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪ್ರತಿ 2.5 ಕಿಲೋ ಹೆಚ್ಚಳಕ್ಕೆ ನಾಲ್ಕು ಚದರ ಮೀಟರಿನ ಚೌಕದಲ್ಲಿ ಸರಾಸರಿ ಒಂದು ಜಾತಿ ಕಡಿಮೆಯಾಗುತ್ತಿತ್ತು. ಹೇರ್‌ಬೆಲ್ ಎಂಬ ನೀಲಿ ಗಂಟೆಹೂವಿನಂಥ, ಬಡ ನೆಲಕ್ಕೆ ಒಗ್ಗಿದ ಗಿಡಗಳೇ ಹೆಚ್ಚಾಗಿ ಮರೆಯಾಗಿದ್ದವು.

ಇಂಥ ಸಮೀಕ್ಷೆಗೂ ತನ್ನದೇ ದೌರ್ಬಲ್ಯವಿದೆ. ಸಾರಜನಕ ಹೆಚ್ಚು ಬೀಳುವ ಊರುಗಳಲ್ಲಿ ಮಳೆ, ಹಿಂದಿನ ಗಂಧಕದ ಮಾಲಿನ್ಯ, ಮೇಯಿಸುವ ಪದ್ಧತಿ ಇವೆಲ್ಲವೂ ಬೇರೆ ಇರಬಹುದು. ಸಂಶೋಧಕರು ಇವನ್ನು ಲೆಕ್ಕಕ್ಕೆ ತಂದರೂ, ಸಮೀಕ್ಷೆಯೊಂದೇ ಇದ್ದಿದ್ದರೆ ಸಂಶಯ ಉಳಿಯುತ್ತಿತ್ತು. ಪ್ರಯೋಗವೊಂದೇ ಇದ್ದಿದ್ದರೂ ಉಳಿಯುತ್ತಿತ್ತು. ಬೇರೆ ಬೇರೆ ದೌರ್ಬಲ್ಯಗಳಿರುವ ಎರಡು ವಿಧಾನಗಳು ಒಂದೇ ಮಾತು ಹೇಳುತ್ತಿರುವುದರಿಂದ ಅದನ್ನು ನಂಬಬೇಕಾಗುತ್ತದೆ.

ಇಷ್ಟರವರೆಗೆ ತೊಂದರೆಯಿಲ್ಲ ಎಂಬ ಗೆರೆ ಏನಾದರೂ ಇದೆಯೇ?

ಯುರೋಪಿನಲ್ಲಿ ಇದೆ. 1979ರ ಗಡಿ ದಾಟುವ ವಾಯುಮಾಲಿನ್ಯದ ಒಪ್ಪಂದದಡಿಯಲ್ಲಿ ಒಂದೊಂದು ಬಗೆಯ ಪರಿಸರಕ್ಕೂ 'ನಿರ್ಣಾಯಕ ಹೊರೆ' ಎಂಬ ಮಿತಿಯನ್ನು ಅಂದಾಜು ಮಾಡಿದ್ದಾರೆ. ಇಂದಿನ ತಿಳಿವಳಿಕೆಯ ಮಟ್ಟಿಗೆ ಅದಕ್ಕಿಂತ ಕಡಿಮೆ ಬಿದ್ದರೆ ಗಣನೀಯ ಹಾನಿಯಿಲ್ಲ ಎಂದರ್ಥ. 2022ರ ಪರಿಷ್ಕರಣೆಯ ಪ್ರಕಾರ ಒಣ ಹೀತ್‌ಲ್ಯಾಂಡಿಗೆ, ಅಂದರೆ ಬಡ ಮಣ್ಣಿನ ಕುಳ್ಳ ಪೊದೆಗಳ ಬಯಲಿಗೆ, ವರ್ಷಕ್ಕೆ ಹೆಕ್ಟೇರಿಗೆ 5ರಿಂದ 15 ಕಿಲೋ, ಸುಣ್ಣಕಲ್ಲಿನ ಅರೆಒಣ ಹುಲ್ಲುಗಾವಲಿಗೆ 10ರಿಂದ 20 ಕಿಲೋ. ಹೊಸ ಪುರಾವೆ ಬಂದಂತೆ ಈ ಅಂಕಿಗಳು ಕೆಳಗೇ ಇಳಿಯುತ್ತ ಬಂದಿವೆ. ಸೀಡರ್ ಕ್ರೀಕ್‌ನ ಫಲಿತಾಂಶವನ್ನು ನೆನೆದರೆ, ಇದನ್ನು ಸುರಕ್ಷತೆಯ ಗೆರೆ ಎನ್ನುವುದಕ್ಕಿಂತ ಆಡಳಿತಕ್ಕೆ ಬೇಕಾದ ಗೆರೆ ಎನ್ನುವುದು ಸರಿ.

ನೆದರ್ಲೆಂಡ್ಸ್‌ನ ರೈತರು ಟ್ರ್ಯಾಕ್ಟರ್ ತಂದು ಹೆದ್ದಾರಿ ತಡೆದದ್ದು ಇದೇ ಸಾರಜನಕಕ್ಕಾಗಿಯೇ?

ಹೌದು. ಅಲ್ಲಿಯ ಹೀತ್‌ಲ್ಯಾಂಡುಗಳಲ್ಲಿ ನೇರಳೆ ಹೂವಿನ ಹೆದರ್ ಎಂಬ ಕುಳ್ಳ ಪೊದೆಯ ಜಾಗವನ್ನು ಹಲವೆಡೆ ಹುಲ್ಲು ಹಿಡಿದಿದೆ. ಅದು ನಡೆಯುವ ಬಗೆ ಕುತೂಹಲಕರ. ಹೆದರ್ ದಟ್ಟವಾಗಿರುವಷ್ಟು ಕಾಲ ಅದರ ನೆರಳಿನಲ್ಲಿ ಹುಲ್ಲು ಏಳಲಾರದು. ಸಾರಜನಕ ಹೆಚ್ಚಾದಂತೆ ಹೆದರ್‌ನ ಎಲೆಯಲ್ಲಿ ಸಾರ ಹೆಚ್ಚುತ್ತದೆ, ಹೆದರ್ ಜೀರುಂಡೆಗೆ ಅದು ಪುಷ್ಟಿಯ ಆಹಾರವಾಗುತ್ತದೆ. ಜೀರುಂಡೆ ಎದ್ದ ವರ್ಷ ಪೊದೆ ಬೋಳಾಗಿ ಮೇಲಾವರಣ ತೆರೆದುಕೊಳ್ಳುತ್ತದೆ, ಬೆಳಕು ಕಂಡ ಹುಲ್ಲು ಒಂದೇ ನೆಗೆತಕ್ಕೆ ಮೇಲೇಳುತ್ತದೆ. ಹಿಮ, ಬರ ಇವುಗಳಿಗೂ ಸಾರಜನಕ ಉಂಡ ಹೆದರ್ ಬೇಗ ಬಗ್ಗುತ್ತದೆ. ಅಂದರೆ ವರ್ಷಗಟ್ಟಲೆ ಏನೂ ಆಗಿಲ್ಲವೆಂಬಂತೆ ಕಂಡು, ಒಂದು ಪೆಟ್ಟಿಗೆ ಎಲ್ಲವೂ ಬದಲಾಗುತ್ತದೆ.

ಆ ದೇಶದಲ್ಲಿ ದನ, ಹಂದಿ, ಕೋಳಿಗಳ ಸಾಂದ್ರತೆ ಬಹಳ ಹೆಚ್ಚು. ಸಂರಕ್ಷಿತ ಪ್ರದೇಶಗಳ ಮೇಲಿನ ಹೊರೆ ಮುಂದೆಂದೋ ಇಳಿಯುತ್ತದೆಂಬ ಭರವಸೆಯ ಮೇಲೆ ಈಗಲೇ ಪರವಾನಗಿ ಕೊಡುತ್ತಿದ್ದ ಸರ್ಕಾರಿ ಯೋಜನೆಯನ್ನು ಅಲ್ಲಿಯ ಅತ್ಯುನ್ನತ ಆಡಳಿತ ನ್ಯಾಯಾಲಯವು 29 ಮೇ 2019ರಂದು ತಳ್ಳಿಹಾಕಿತು. ಹೊಸ ಕೊಟ್ಟಿಗೆಗಳಿಗೂ ಕಟ್ಟಡಗಳಿಗೂ ಅನುಮತಿ ನಿಂತಿತು. ಅಕ್ಟೋಬರಿನಲ್ಲಿ ಟ್ರ್ಯಾಕ್ಟರುಗಳು ಹೇಗ್ ನಗರಕ್ಕೆ ಬಂದವು. 2020ರ ಮಾರ್ಚಿನಿಂದ ಹೆದ್ದಾರಿಗಳಲ್ಲಿ ಹಗಲಿನ ವೇಗವನ್ನು ಗಂಟೆಗೆ 100 ಕಿಲೋಮೀಟರಿಗೆ ಇಳಿಸಲಾಯಿತು. ರೈತರ ಸಿಟ್ಟಿಗೂ ಆಧಾರವಿತ್ತು: ದಶಕಗಳ ಕಾಲ ಹೆಚ್ಚು ಸಾಕಿ, ಹೆಚ್ಚು ಬೆಳೆಯಿರಿ ಎಂದು ಹುರಿದುಂಬಿಸಿದ್ದ ವ್ಯವಸ್ಥೆಯೇ ಈಗ ಲೆಕ್ಕ ಕೇಳುತ್ತಿತ್ತು.

ಸಾರಜನಕ ನಿಲ್ಲಿಸಿದರೆ ಹಳೆಯ ಗಿಡಗಳು ಮರಳಿ ಬರುತ್ತವೆಯೇ?

ಎರಡು ಪ್ರಸಿದ್ಧ ಪ್ರಯೋಗಗಳು ಎರಡು ಉತ್ತರ ಕೊಡುತ್ತವೆ. ಸೀಡರ್ ಕ್ರೀಕ್‌ನಲ್ಲಿ ಹತ್ತು ವರ್ಷ ಹೆಕ್ಟೇರಿಗೆ 95 ಕಿಲೋ ಮತ್ತು ಅದಕ್ಕೂ ಹೆಚ್ಚು ಸಾರಜನಕ ಪಡೆದ ತಾಕುಗಳು, ಅದನ್ನು ನಿಲ್ಲಿಸಿ 20 ವರ್ಷ ಕಳೆದರೂ ಗೊಬ್ಬರ ಕಾಣದ ತಾಕುಗಳ ಮಟ್ಟಕ್ಕೆ ಮರಳಲಿಲ್ಲ. ಮಣ್ಣಿನ ನೈಟ್ರೇಟ್ ಇಳಿದಿತ್ತು, ಪಕ್ಕದಲ್ಲಿಯೇ ಬೀಜದ ಮೂಲವಿತ್ತು; ಆದರೂ ಬರಲಿಲ್ಲ. ಪಾರ್ಕ್ ಗ್ರಾಸ್‌ನಲ್ಲಿ 1989ರಿಂದ ಕೆಲವು ತಾಕುಗಳ ಅರ್ಧಕ್ಕೆ ಸಾರಜನಕ ನಿಲ್ಲಿಸಲಾಯಿತು. ಅದೇ ಕಾಲದಲ್ಲಿ ಬ್ರಿಟನ್ನಿನ ಗಾಳಿಯಿಂದ ಬೀಳುವ ಸಾರಜನಕವೂ ಕಡಿಮೆಯಾಯಿತು. ಅಲ್ಲಿ ದ್ವಿದಳಗಳು ಮೊದಲಾಗಿ ಜಾತಿಗಳು ಮರಳಿದ್ದನ್ನು 2015ರ ಅಧ್ಯಯನ ದಾಖಲಿಸಿತು, ತೀರ ಹುಳಿಯಾದ ತಾಕುಗಳನ್ನು ಬಿಟ್ಟು.

ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ ಕೊಯ್ಲು ಎಂದು ನನಗೆ ತೋರುತ್ತದೆ. ಪಾರ್ಕ್ ಗ್ರಾಸ್‌ನ ಹುಲ್ಲನ್ನು ವರ್ಷವರ್ಷವೂ ಕೊಯ್ದು ಹೊರಗೆ ಸಾಗಿಸುತ್ತಾರೆ. ಹೆಕ್ಟೇರಿಗೆ ನಾಲ್ಕು ಟನ್ ಒಣಹುಲ್ಲು ಹೋದರೆ, ಅದರಲ್ಲಿ ಶೇಕಡಾ ಒಂದೂವರೆ ಸಾರಜನಕವೆಂದು ಹಿಡಿದರೂ, 60 ಕಿಲೋ ಸಾರಜನಕ ಅದರೊಡನೆ ಹೋಯಿತು. ಬೆಳಕೂ ನೆಲ ಮುಟ್ಟುತ್ತದೆ. ಸೀಡರ್ ಕ್ರೀಕ್‌ನಲ್ಲಿ ಹುಲ್ಲು ಅಲ್ಲಿಯೇ ಒಣಗಿ, ಅಲ್ಲಿಯೇ ಕೊಳೆತು, ಅದೇ ಸಾರಜನಕವನ್ನು ಅದೇ ಹುಲ್ಲಿಗೆ ಮರಳಿಸುತ್ತದೆ.

ಕಾಯುತ್ತ ಕೂರದೆ ನಾವೇ ಮಾಡಬಹುದಾದದ್ದು ಏನಾದರೂ?

ಕೊಯ್ದು ಹೊರಗೊಯ್ಯುವುದು ಮೊದಲನೆಯದು. ಕೊಯ್ದದ್ದನ್ನು ಅಲ್ಲಿಯೇ ಬಿಟ್ಟರೆ ಪ್ರಯೋಜನವಿಲ್ಲ. ಡಚ್ಚರು ಹೀತ್‌ಲ್ಯಾಂಡಿನ ಮೇಲ್ಪದರವನ್ನೇ ಹೆಂಟೆಹೆಂಟೆಯಾಗಿ ಕೆತ್ತಿ ತೆಗೆಯುತ್ತಾರೆ. ಪರಿಣಾಮ ಬೇಗ ಕಾಣುತ್ತದೆ, ಆದರೆ ಬೀಜಗಳೂ ಸುಣ್ಣದ ಅಂಶವೂ ಜೊತೆಗೇ ಹೋಗುತ್ತವೆ. ಇಂಗ್ಲೆಂಡಿನಲ್ಲಿ ಹಳದಿ ರ‍್ಯಾಟಲ್ ಎಂಬ ಏಕವಾರ್ಷಿಕ ಗಿಡವನ್ನು ಬಿತ್ತುವ ರೂಢಿಯಿದೆ. ಅದು ನಮ್ಮ ಶ್ರೀಗಂಧದಂತೆ ಬೇರಿನ ಮೂಲಕ ನೆರೆಯ ಗಿಡದ ಸಾರ ಹೀರುವ ಅರೆಪರಾವಲಂಬಿ. ಹುಲ್ಲಿನ ಸೊಕ್ಕು ಮುರಿದು ಹೂಗಿಡಗಳಿಗೆ ಎಡೆ ಮಾಡಿಕೊಡುತ್ತದೆ. ಮಣ್ಣಿನಲ್ಲಿ ರಂಜಕ ಕಡಿಮೆಯಿರುವ ಜಾಗಗಳಲ್ಲಿ ಸಾರಜನಕ ಹೆಚ್ಚಾದರೂ ಹುಲ್ಲು ಅಷ್ಟಾಗಿ ಏಳಲಾರದು, ಆದ್ದರಿಂದ ಅಂಥ ನೆಲಕ್ಕೆ ರಂಜಕ ಬೀಳದಂತೆ ಕಾಯುವುದೂ ಒಂದು ರಕ್ಷಣೆಯೇ.

ನಮ್ಮ ಪಶ್ಚಿಮ ಘಟ್ಟದ ಹುಲ್ಲುಗಾವಲುಗಳಿಗೂ ಇದೆಲ್ಲ ಅನ್ವಯಿಸುತ್ತದೆಯೇ?

ಕಾರ್ಯವಿಧಾನ ಅನ್ವಯಿಸುತ್ತದೆ, ಅಂಕಿಗಳನ್ನು ಎತ್ತಿ ತಂದು ಅಂಟಿಸಬಾರದು. ಜಂಬಿಟ್ಟಿಗೆಯ ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡು ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಬೆಳವಣಿಗೆಗೆ ಅಡ್ಡಿ ಸಾರಜನಕವೊಂದೇ ಆಗಿರಬೇಕಿಲ್ಲ. ಬೇಸಿಗೆಯಲ್ಲಿ ಬೆಂಕಿ ಬಿದ್ದಾಗ ಒಣಹುಲ್ಲಿನ ಸಾರಜನಕದ ಬಹುಪಾಲು ಗಾಳಿಗೆ ಮರಳುತ್ತದೆ. ಗರಿಕೆ, ಲಾವಂಚ ಮೊದಲಾದ ನಮ್ಮ ಬಿಸಿಲುನಾಡಿನ ಹುಲ್ಲುಗಳು ಕಡಿಮೆ ಸಾರಜನಕದಲ್ಲಿ ಹೆಚ್ಚು ಬೆಳೆಯಬಲ್ಲ ಸಿ4 ಗುಂಪಿನವು; ಸೀಡರ್ ಕ್ರೀಕ್‌ನಲ್ಲಿ ಸೋತ ಲಿಟಲ್ ಬ್ಲೂಸ್ಟೆಮ್ ಕೂಡ ಅದೇ ಗುಂಪಿನದು ಎಂಬುದನ್ನು ಗಮನಿಸಬೇಕು. ಅಮೋನಿಯಾದ ವಿಷಯದಲ್ಲಿ ಉಪಗ್ರಹಗಳ ನಕ್ಷೆಯಲ್ಲಿ ಢಾಳಾಗಿ ಕಾಣುವುದು ಗಂಗಾ ಬಯಲು, ಸಹ್ಯಾದ್ರಿಯ ನೆತ್ತಿಯಲ್ಲ.

ಘಟ್ಟದಲ್ಲಿ ಸಾರಜನಕ ಬರುವ ದಾರಿ ಇನ್ನೊಂದಿದೆ, ಅದು ಕಣ್ಣೆದುರೇ ಇದೆ. ನೀಲಗಿರಿ ಮತ್ತು ಪಳನಿ ಬೆಟ್ಟಗಳ ಶೋಲಾ ಹುಲ್ಲುಗಾವಲುಗಳಿಗೆ ಬ್ರಿಟಿಷರ ಕಾಲದಲ್ಲಿ ಬಂದು, ಮುಂದೆ ಚರ್ಮ ಹದಮಾಡುವ ತೊಗಟೆಗಾಗಿ ವಿಸ್ತಾರವಾಗಿ ನೆಡಲ್ಪಟ್ಟ ಆಸ್ಟ್ರೇಲಿಯದ ವಾಟಲ್ ಮರವು ಬೇರುಗಂಟುಗಳಿರುವ ದ್ವಿದಳ ಜಾತಿ. ನೀಲಗಿರಿಯಲ್ಲಿ ಹಬ್ಬಿರುವ ಸ್ಕಾಚ್ ಬ್ರೂಮ್ ಮತ್ತು ಗಾರ್ಸ್ ಪೊದೆಗಳೂ ಅಂಥವೇ. ಮಲೆನಾಡಿನ ಹಲವು ಬೇಣಗಳ ಮೇಲೆ ನೆಟ್ಟ ಅಕೇಶಿಯಾ ಕೂಡ ಸಾರಜನಕ ಕಟ್ಟುವ ಮರವೇ. ಇವು ಹುಲ್ಲಿಗೆ ನೆರಳನ್ನೂ ಸಾರಜನಕವನ್ನೂ ಒಟ್ಟಿಗೆ ತರುತ್ತವೆ. ಮರ ಕಡಿದರೆ ಹುಲ್ಲು ಮರಳಿ ಬಂದೇ ಬರುತ್ತದೆ ಎಂದು ನಂಬಿರುವವರು ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದ ಅನುಭವವನ್ನು ನೋಡಬೇಕು. ಅಲ್ಲಿಯ ಫಿನ್‌ಬಾಸ್ ಕುರುಚಲಿಗೆ ನುಗ್ಗಿದ್ದ ಆಸ್ಟ್ರೇಲಿಯದ ಅಕೇಶಿಯಾವನ್ನು ಕಡಿದು ತೆಗೆದ ಮೇಲೂ ಮಣ್ಣಿನಲ್ಲಿ ಸಾರಜನಕ ಹೆಚ್ಚಾಗಿಯೇ ಉಳಿದಿತ್ತು, ಮತ್ತು ತೆರವಾದ ಜಾಗದಲ್ಲಿ ಸೊಂಪಾಗಿ ಎದ್ದದ್ದು ಸ್ಥಳೀಯ ಕುರುಚಲಲ್ಲ, ಎರ್‌ಹಾರ್ಟಾ ಎಂಬ ಕಳೆಹುಲ್ಲು.